ದೊಡ್ಡ ಸಂಸ್ಥೆಯಲ್ಲಿ ಬ್ಯಾಂಡ್‌ವಿಡ್ತ್ ನಿರ್ವಹಣೆ: ಸಾಲು ಯಾರ ಕೈಯಲ್ಲಿರಬೇಕು?

ಆಸ್ಪತ್ರೆ, ಕಾಲೇಜು, ಹಾಸ್ಟೆಲ್ ಮತ್ತು ಆಡಳಿತ ಕಚೇರಿ ಒಂದೇ ಆವರಣದಲ್ಲಿದ್ದು, ಬೀದರ್ ಮತ್ತು ಯಾದಗಿರಿಯಲ್ಲಿ ಶಾಖೆಗಳಿರುವ ಕಲಬುರಗಿಯ ಸಂಸ್ಥೆಯೊಂದನ್ನು ಊಹಿಸಿಕೊಳ್ಳಿ. ಅಲ್ಲಿ ‘ನೆಟ್ ಸ್ಲೋ ಇದೆ’ ಎಂಬ ದೂರು ಹೆಚ್ಚಾದಾಗ ಆಡಳಿತ ಮಂಡಳಿಗೆ ಮೊದಲು ಹೊಳೆಯುವ ಪರಿಹಾರ ಇನ್ನೂ ದೊಡ್ಡ ಇಂಟರ್ನೆಟ್ ಲೈನ್ ಕೊಳ್ಳುವುದು. ಆದರೆ 500 ಎಂಬಿಪಿಎಸ್ (ಸೆಕೆಂಡಿಗೆ 500 ಮೆಗಾಬಿಟ್) ಲೈನ್ ಅನ್ನು 1 ಜಿಬಿಪಿಎಸ್‌ಗೆ ಏರಿಸಿದರೂ, ಲೈನ್ ಇರುವಷ್ಟನ್ನೂ ನುಂಗಬಲ್ಲ ಡೌನ್‌ಲೋಡ್‌ಗಳು ಅದನ್ನು ಕೆಲವೇ ದಿನಗಳಲ್ಲಿ ತುಂಬಿಸಿಬಿಡುತ್ತವೆ. ಬಳಕೆದಾರರು ನಿಧಾನ ಎಂದು ಕರೆಯುವುದು ಬಹುಪಾಲು ಸಂದರ್ಭಗಳಲ್ಲಿ ಲೈನಿನ ಅಗಲದ, ಅಂದರೆ ಬ್ಯಾಂಡ್‌ವಿಡ್ತ್‌ನ, ಕೊರತೆಯನ್ನಲ್ಲ, ತಮ್ಮ ಸಣ್ಣ ಪ್ಯಾಕೆಟ್ (ಜಾಲದಲ್ಲಿ ಸಾಗುವ ಮಾಹಿತಿಯ ತುಣುಕು) ಬೇರೆಯವರ ದೊಡ್ಡ ಕಡತದ ಹಿಂದೆ ಸಾಲಿನಲ್ಲಿ ಕಾಯುವ ಹೊತ್ತನ್ನು. ಆದ್ದರಿಂದ ಆ ಸಾಲು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಪತ್ತೆಹಚ್ಚಿ ಅದನ್ನು ನಮ್ಮ ಉಪಕರಣದೊಳಗೆ ತಂದುಕೊಳ್ಳುವುದೇ ಈ ಕೆಲಸದ ತಿರುಳು.

ಮೊದಲು ಅಳತೆ. ಗೇಟ್‌ವೇ ರೂಟರ್ (ಆವರಣದ ಜಾಲವನ್ನು ಹೊರಗಿನ ಲೈನ್‌ಗೆ ಸೇರಿಸುವ ಉಪಕರಣ), ಫೈರ್‌ವಾಲ್ ಮತ್ತು ಪ್ರತಿ ಕಟ್ಟಡದ ಮುಖ್ಯ ಸ್ವಿಚ್‌ಗಳಿಂದ, ಜಾಲದ ಉಪಕರಣಗಳ ಅಂಕಿ ಓದುವ ಎಸ್‌ಎನ್‌ಎಂಪಿ ಎಂಬ ವಿಧಾನದ ಮೂಲಕ ಐದು ನಿಮಿಷಕ್ಕೊಮ್ಮೆ ಅಂಕಿ ಸಂಗ್ರಹಿಸಬೇಕು. ಇದಕ್ಕೆ ಲಿಬ್ರೆಎನ್‌ಎಂಎಸ್ ಅಥವಾ ಜ್ಯಾಬಿಕ್ಸ್‌ನಂಥ ಉಚಿತ ತಂತ್ರಾಂಶ ಸಾಕು. ಇಲ್ಲಿ ಹರಿದ ಬೈಟ್‌ಗಳನ್ನು ಎಣಿಸಲು 64 ಬಿಟ್ ಕೌಂಟರ್‌ಗಳನ್ನೇ ಬಳಸಿ. 32 ಬಿಟ್ ಕೌಂಟರ್ ಪೂರ್ತಿ ತುಂಬಿದ 1 ಜಿಬಿಪಿಎಸ್ ಪೋರ್ಟಿನಲ್ಲಿ ಸುಮಾರು 34 ಸೆಕೆಂಡಿಗೊಮ್ಮೆ ಸೊನ್ನೆಗೆ ಮರಳುವುದರಿಂದ, ಐದು ನಿಮಿಷದ ಅಂತರದಲ್ಲಿ ಓದಿದ ಅಂಕಿಯಿಂದ ಬರೆದ ನಕ್ಷೆ ಶುದ್ಧ ಸುಳ್ಳಾಗಿರುತ್ತದೆ. ಎಸ್‌ಎನ್‌ಎಂಪಿ ಎಷ್ಟು ಹರಿಯಿತು ಎಂಬುದನ್ನಷ್ಟೇ ಹೇಳುತ್ತದೆ. ಯಾವ ವಿಭಾಗದಿಂದ ಎಲ್ಲಿಗೆ ಹರಿಯಿತು ಎಂದು ತಿಳಿಯಲು ಪ್ರತಿ ಹರಿವಿನ ಮೂಲ ಮತ್ತು ಗಮ್ಯವನ್ನು ವರದಿ ಮಾಡುವ ನೆಟ್‌ಫ್ಲೋ ಅಥವಾ ಎಸ್‌ಫ್ಲೋ ಬೇಕು. ವೆಬ್ ದಟ್ಟಣೆಯ ಬಹುಭಾಗ ಈಗ ಗೂಢಲಿಪಿಯಲ್ಲಿರುವುದರಿಂದ ಅದರೊಳಗೇನಿದೆ ಎಂಬುದು ಕಾಣುವುದಿಲ್ಲ, ಆದರೆ ಗಾತ್ರ, ಹೊತ್ತು ಮತ್ತು ಗಮ್ಯ ಕಾಣುತ್ತವೆ, ನಿರ್ವಹಣೆಗೆ ಅಷ್ಟು ಸಾಕು. ವರದಿಯನ್ನು ವಿಭಾಗವಾರು ಸಿದ್ಧಪಡಿಸಿ, ವ್ಯಕ್ತಿವಾರು ಪಟ್ಟಿಯನ್ನು ಅಗತ್ಯ ಬಿದ್ದಾಗ ಮಾತ್ರ ತೆರೆಯುವುದು ಒಳ್ಳೆಯದು. ಯಾರು ಎಲ್ಲಿಗೆ ಹೋದರೆಂಬ ದಾಖಲೆ ವೈಯಕ್ತಿಕ ಮಾಹಿತಿಯೇ ಹೌದು.

ಕನಿಷ್ಠ ಒಂದು ತಿಂಗಳ ಅಂಕಿ ಕೈಗೆ ಬಂದ ಮೇಲೆ ಸರಾಸರಿಯನ್ನು ನೋಡಬೇಡಿ, ಏಕೆಂದರೆ ರಾತ್ರಿಯ ಬಿಡುವು ಹಗಲಿನ ಇಕ್ಕಟ್ಟನ್ನು ಮುಚ್ಚಿಬಿಡುತ್ತದೆ. ಐದು ನಿಮಿಷದ ಲೆಕ್ಕದಲ್ಲಿ 30 ದಿನಕ್ಕೆ 8,640 ಅಳತೆಗಳಾಗುತ್ತವೆ. ಅವುಗಳಲ್ಲಿ ಅತಿ ಹೆಚ್ಚಿನ 432 ಅಳತೆಗಳನ್ನು ಕೈಬಿಟ್ಟರೆ ಉಳಿಯುವ ಗರಿಷ್ಠ ಅಂಕಿಯೇ 95ನೇ ಪರ್ಸೆಂಟೈಲ್. ಇದನ್ನು ಕೆಲಸದ ವೇಳೆಗೆ ಬೇರೆಯಾಗಿ ಲೆಕ್ಕ ಹಾಕಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ.

ಕೆಲಸದ ವೇಳೆ ಎಂದಾಗ ನಮ್ಮ ಭಾಗದ ಒಂದು ವಿಶೇಷವನ್ನು ಮರೆಯಬಾರದು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಬಿಸಿಲಿನ ಕಾರಣದಿಂದ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ವಾಡಿಕೆಯಿದೆ, ಎಷ್ಟೋ ಖಾಸಗಿ ಸಂಸ್ಥೆಗಳೂ ತಮ್ಮ ವೇಳೆಯನ್ನು ಅದಕ್ಕೆ ಹೊಂದಿಸಿಕೊಳ್ಳುತ್ತವೆ. ಕೆಲಸದ ವೇಳೆಯಲ್ಲಿ ಕಚೇರಿಗೆ ಆದ್ಯತೆ ಕೊಟ್ಟು ಹಾಸ್ಟೆಲ್‌ನ ವೇಗ ತಗ್ಗಿಸಲು ಬೆಂಗಳೂರಿನ ಸಲಹೆಗಾರರು ಬರೆದುಕೊಟ್ಟ ‘10ರಿಂದ 5.30’ರ ನೀತಿ ಹಾಗೇ ಉಳಿದರೆ, ಕಚೇರಿಯ ದಟ್ಟಣೆ ಶಿಖರದಲ್ಲಿರುವ ಬೆಳಿಗ್ಗೆ 8ರಿಂದ 10ರವರೆಗಿನ ಎರಡು ಗಂಟೆಗಳ ಕಾಲ ಯಾವ ರಕ್ಷಣೆಯೂ ಇರುವುದಿಲ್ಲ. ಕಚೇರಿ ಖಾಲಿಯಾಗಿರುವ ಮಧ್ಯಾಹ್ನದಲ್ಲಿ ಹಾಸ್ಟೆಲ್‌ಗೆ ಕಾರಣವಿಲ್ಲದೆ ಕಡಿವಾಣ ಬಿದ್ದಿರುತ್ತದೆ. ಆದ್ದರಿಂದ ವೇಳಾಪಟ್ಟಿಯ ಎರಡು ಪ್ರತಿಗಳನ್ನು ಸಿದ್ಧವಾಗಿಟ್ಟುಕೊಂಡು, ಆದೇಶ ಬಂದ ದಿನವೇ ಬೇಸಿಗೆಯದನ್ನು ಜಾರಿಗೆ ತರಬೇಕು.

ಈಗ ಸಾಲಿನ ವಿಷಯ. ಲೈನ್ ಪೂರ್ತಿ ತುಂಬಿದಾಗ ಪ್ಯಾಕೆಟ್‌ಗಳು ಸೇವಾದಾತರ ಉಪಕರಣದ ಬಫರಿನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಕಾಯತೊಡಗುತ್ತವೆ, ಅಲ್ಲಿ ಯಾವುದು ಮೊದಲು ಹೋಗಬೇಕೆಂಬ ನಿರ್ಧಾರ ನಮ್ಮದಲ್ಲ. ಇದನ್ನು ತಪ್ಪಿಸಲು ಗೇಟ್‌ವೇಯಲ್ಲಿ ಒಟ್ಟು ವೇಗವನ್ನು ಲೈನಿನ ನಿಜವಾದ ವೇಗದ ಶೇ 90ರಿಂದ 95ಕ್ಕೆ ಕಟ್ಟಿಹಾಕಬೇಕು. 500 ಎಂಬಿಪಿಎಸ್ ಲೈನ್‌ಗೆ 470ರ ಆಸುಪಾಸು ಸರಿಯಾಗುತ್ತದೆ. ಕೊಂಡದ್ದರಲ್ಲಿ ಶೇ 6ರಷ್ಟನ್ನು ಬಿಟ್ಟುಕೊಡುವುದೆಂದರೆ ಲೆಕ್ಕಪತ್ರ ವಿಭಾಗ ಹುಬ್ಬೇರಿಸುತ್ತದೆ, ಆದರೆ ಅಷ್ಟಕ್ಕೆ ಪ್ರತಿಯಾಗಿ ಸಾಲು ನಮ್ಮ ರೂಟರಿನೊಳಕ್ಕೆ ಬರುತ್ತದೆ. ಆ ಸಾಲಿನಲ್ಲಿ ಎಫ್‌ಕ್ಯೂ-ಕೋಡೆಲ್ ಎಂಬ ಕ್ರಮವನ್ನು ಹಚ್ಚಿದರೆ, ಅದು ಪ್ರತಿಯೊಂದು ಹರಿವನ್ನೂ ಬೇರೆಯಾಗಿ ನಿಲ್ಲಿಸಿ, ಸರದಿಯ ಮೇಲೆ ಬಿಟ್ಟು, ಹೆಚ್ಚು ಹೊತ್ತು ಕಾದ ಪ್ಯಾಕೆಟ್‌ಗಳನ್ನು ಬೀಳಿಸಿ ಕಳಿಸುವವರಿಗೆ ನಿಧಾನಿಸಲು ಸೂಚನೆ ಕೊಡುತ್ತದೆ. 2018ರಲ್ಲಿ ಆರ್‌ಎಫ್‌ಸಿ 8290 ಎಂಬ ಅಂತರ್ಜಾಲ ತಾಂತ್ರಿಕ ದಾಖಲೆಯಾಗಿ ಪ್ರಕಟವಾದ ಈ ಕ್ರಮ ಲಿನಕ್ಸ್ ಆಧಾರಿತ ರೂಟರುಗಳಲ್ಲೂ ಹಲವು ಫೈರ್‌ವಾಲ್‌ಗಳಲ್ಲೂ ಲಭ್ಯವಿದೆ. ನನ್ನ ಅಭಿಪ್ರಾಯದಲ್ಲಿ ಇದೊಂದನ್ನೇ ಮಾಡಿದರೂ ಅರ್ಧದಷ್ಟು ದೂರುಗಳು ನಿಲ್ಲುತ್ತವೆ.

ಇದರ ಮೇಲೆ ವಿಭಾಗಗಳ ಪಾಲು ನಿಗದಿಪಡಿಸಬೇಕು. ಬಳಕೆದಾರರೊಬ್ಬರಿಗೆ 2 ಎಂಬಿಪಿಎಸ್ ಎಂದು ಗೆರೆ ಎಳೆಯುವುದು ಸುಲಭವಾದರೂ ಒಳ್ಳೆಯ ನೀತಿಯಲ್ಲ, ಏಕೆಂದರೆ ರಾತ್ರಿ ಎರಡು ಗಂಟೆಗೆ ಲೈನ್ ಖಾಲಿ ಬಿದ್ದಿದ್ದರೂ ವಿದ್ಯಾರ್ಥಿ ಅದೇ 2 ಎಂಬಿಪಿಎಸ್‌ನಲ್ಲಿ ತೆವಳಬೇಕಾಗುತ್ತದೆ. ಪ್ರತಿ ವಿಭಾಗಕ್ಕೂ ಕನಿಷ್ಠ ಖಾತ್ರಿ ಮತ್ತು ಗರಿಷ್ಠ ಮಿತಿ ಎರಡನ್ನೂ ಕೊಟ್ಟು, ಒಬ್ಬರು ಬಳಸದ ಪಾಲನ್ನು ಇನ್ನೊಬ್ಬರು ಎರವಲು ಪಡೆಯಲು ಬಿಡುವುದು ನ್ಯಾಯ: ಆಸ್ಪತ್ರೆಗೆ 200 ಖಾತ್ರಿ, ಕಚೇರಿಗೆ 100, ಕಾಲೇಜಿಗೆ 100, ಹಾಸ್ಟೆಲ್‌ಗೆ 50, ಮಿತಿ ಎಲ್ಲರಿಗೂ 450 ಎಂಬಂತೆ. ಯೂಟ್ಯೂಬ್ ಮುಚ್ಚಿಸಬೇಕೆಂಬ ಒತ್ತಾಯ ಪ್ರತಿ ಸಭೆಯಲ್ಲೂ ಬರುತ್ತದೆ. ಪಾಠಗಳೂ ಅಲ್ಲೇ ಇರುವುದರಿಂದ ಮುಚ್ಚಿಸಿ ಉಪಯೋಗವಿಲ್ಲ, ಕೊನೆಯ ಆದ್ಯತೆಗೆ ಇಳಿಸಿದರೆ ಸಾಕು.

ಧ್ವನಿ ಕರೆಗೆ ಅಗಲ ಬೇಕಾಗಿಲ್ಲ, ಹೊತ್ತಿಗೆ ಸರಿಯಾಗಿ ತಲುಪುವುದು ಬೇಕು. ಜಿ.711 ಎಂಬ ಧ್ವನಿ ಸಂಕೇತನ ಬಳಸುವ ಕರೆಯೊಂದು, ಪ್ಯಾಕೆಟ್‌ಗೆ ಸುತ್ತಿದ ವಿಳಾಸ ಮೊದಲಾದ ಎಲ್ಲ ಹೊದಿಕೆ ಸೇರಿ, ಪ್ರತಿ ದಿಕ್ಕಿನಲ್ಲಿ 90 ಕೆಬಿಪಿಎಸ್‌ಗಿಂತ ಕಡಿಮೆ ಬಳಸುತ್ತದೆ, ಆದರೆ ಒಮ್ಮುಖ ವಿಳಂಬ 150 ಮಿಲಿಸೆಕೆಂಡ್ ದಾಟಿದರೆ ಮಾತು ತೊಡರತೊಡಗುತ್ತದೆ. ಆದ್ದರಿಂದ ಧ್ವನಿಗೆ ಡಿಎಸ್‌ಸಿಪಿ 46 ಗುರುತು (ಪ್ಯಾಕೆಟ್‌ನ ಆದ್ಯತೆ ಹೇಳುವ ಸಂಖ್ಯೆ) ಹಾಕಿ ಮೊದಲ ಸಾಲಿಗೆ ಕಳಿಸಿ. ಗುರುತನ್ನು ನಂಬಬೇಕಾದದ್ದು ಫೋನ್ ಜೋಡಿಸಿದ ಪೋರ್ಟಿನಲ್ಲಿ ಮಾತ್ರ, ಯಾವುದೋ ಲ್ಯಾಪ್‌ಟಾಪ್ ತಾನೇ ಹಾಕಿಕೊಂಡ ಗುರುತನ್ನಲ್ಲ. ಸಾರ್ವಜನಿಕ ಅಂತರ್ಜಾಲದಲ್ಲಿ ಈ ಗುರುತಿಗೆ ಬೆಲೆಯಿಲ್ಲ. ಬೀದರ್ ಮತ್ತು ಯಾದಗಿರಿಯ ಶಾಖೆಗಳಿಗೆ ಎಂಪಿಎಲ್‌ಎಸ್ (ಸೇವಾದಾತರ ಜಾಲದೊಳಗಿನ ಖಾಸಗಿ) ಸಂಪರ್ಕವಿದ್ದರೆ ಅಲ್ಲಿಯೂ ಗುರುತನ್ನು ಪಾಲಿಸುವಂತೆ ಸೇವಾದಾತರ ಜೊತೆ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು.

ಸಾಲಿಗೆ ಬರುವ ಹೊರೆಯನ್ನೇ ಇಳಿಸುವುದು ಇನ್ನೊಂದು ದಾರಿ. ಮೈಕ್ರೋಸಾಫ್ಟ್ ತನ್ನ ಮಾಸಿಕ ಭದ್ರತಾ ಅಪ್‌ಡೇಟ್‌ಗಳನ್ನು ತಿಂಗಳ ಎರಡನೇ ಮಂಗಳವಾರ ಬಿಡುಗಡೆ ಮಾಡುತ್ತದೆ, ಆಗ ನಮ್ಮಲ್ಲಿ ರಾತ್ರಿ 10.30 ಅಥವಾ 11.30. ಹಾಗಾಗಿ ಬುಧವಾರ ಬೆಳಿಗ್ಗೆ ಕಂಪ್ಯೂಟರುಗಳನ್ನು ಹಚ್ಚಿದಾಗ ಎಲ್ಲವೂ ಒಟ್ಟಿಗೆ ಡೌನ್‌ಲೋಡಿಗೆ ನಿಲ್ಲುತ್ತವೆ. ಒಂದೊಂದಕ್ಕೆ 1 ಜಿಬಿ ಎಂದು ಹಿಡಿದರೂ 400 ಯಂತ್ರಗಳಿಗೆ 400 ಜಿಬಿ. ಬೇರೆ ಯಾರೂ ಮುಟ್ಟದಿದ್ದರೂ 500 ಎಂಬಿಪಿಎಸ್ ಲೈನ್ ಒಂದೂಮುಕ್ಕಾಲು ಗಂಟೆಗಿಂತ ಹೆಚ್ಚು ಹೊತ್ತು ತುಂಬಿರುತ್ತದೆ. ವಿಂಡೋಸಿನಲ್ಲೇ ಇರುವ ಡೆಲಿವರಿ ಆಪ್ಟಿಮೈಸೇಶನ್ ಅನ್ನು ಗ್ರೂಪ್ ಪಾಲಿಸಿಯಿಂದ (ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ನಿಯಮ ಹಚ್ಚುವ ಸೌಲಭ್ಯ) ಹೊಂದಿಸಿದರೆ ಯಂತ್ರಗಳು ಅಪ್‌ಡೇಟ್‌ನ ತುಣುಕುಗಳನ್ನು ಒಳಜಾಲದಲ್ಲೇ ಪರಸ್ಪರ ಹಂಚಿಕೊಳ್ಳುತ್ತವೆ, ಕೆಲಸದ ವೇಳೆಯ ವೇಗಕ್ಕೂ ಅಲ್ಲೇ ಮಿತಿ ಹಾಕಬಹುದು. ಕ್ಲೌಡ್ ಬ್ಯಾಕಪ್ ರಾತ್ರಿಗೆ ಸಾಗಲಿ. ಸಿಸಿಟಿವಿಯ ದೃಶ್ಯಗಳನ್ನು ಆಯಾ ಕಟ್ಟಡದಲ್ಲೇ ದಾಖಲಿಸಿ. ತಲಾ 4 ಎಂಬಿಪಿಎಸ್‌ನ 60 ಕ್ಯಾಮೆರಾಗಳು ಕಟ್ಟಡಗಳನ್ನು ಜೋಡಿಸುವ ಬೆನ್ನೆಲುಬಿನ ಕೇಬಲ್ ಮೇಲೆ ಹಗಲುರಾತ್ರಿ 240 ಎಂಬಿಪಿಎಸ್ ಹೊರಿಸುವುದಕ್ಕೆ ಕಾರಣವೇ ಇಲ್ಲ.

ದೂರು ವೈಫೈ ಬಳಸುವವರಿಂದಲೇ ಬರುತ್ತಿದ್ದರೆ ಮೊದಲು ಅದೇ ಕೋಣೆಯಲ್ಲಿ ಕೇಬಲ್ ಹಾಕಿ ಪರೀಕ್ಷಿಸಿ, ಆಗ ವೇಗ ಸರಿಯಿದ್ದರೆ ತೊಂದರೆ ಲೈನಿನದಲ್ಲ, ವೈಫೈನದು. ವೈಫೈನ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ ಆದ್ದರಿಂದ, ಹಾಸ್ಟೆಲಿನಂಥ ಕಡೆ 5 ಗಿಗಾಹರ್ಟ್ಸ್‌ಗೆ ಸಾಗಿಸದೆ ಬೇರೆ ಉಪಾಯವಿಲ್ಲ. ಬೇಸಿಗೆಯಲ್ಲಿ ತಗಡಿನ ಚಾವಣಿಯಡಿ ಇಟ್ಟ ಸ್ವಿಚ್‌ಗಳ ದೋಷದ ಅಂಕಿಗಳನ್ನೂ ನೋಡುತ್ತಿರಿ. ಹೊರಗೆ 43 ಡಿಗ್ರಿ ಇದ್ದಾಗ ಮುಚ್ಚಿದ ರ‍್ಯಾಕಿನೊಳಗೆ ಇನ್ನೂ ಹೆಚ್ಚಿರುತ್ತದೆ.

ರಸ್ತೆ ಅಗೆತಕ್ಕೆ ಕೇಬಲ್ ತುಂಡಾಗುವುದು ನಮಗೆ ಹೊಸದಲ್ಲ, ಅದಕ್ಕೆಂದೇ ಹಲವರು 100 ಎಂಬಿಪಿಎಸ್‌ನ ಎರಡನೇ ಲೈನ್ ಇಟ್ಟಿರುತ್ತಾರೆ. ಆದರೆ ಮುಖ್ಯ ಲೈನ್ ಬಿದ್ದು ದಟ್ಟಣೆ ಇದಕ್ಕೆ ಹೊರಳಿದಾಗ ರೂಟರಿನ ಮಿತಿ 470ರಲ್ಲೇ ಉಳಿದಿದ್ದರೆ, ಸಾಲು ಮತ್ತೆ ಸೇವಾದಾತರ ಕೈಗೆ ಹೋಗುತ್ತದೆ, ಅಷ್ಟು ಹೊತ್ತು ಮಾಡಿದ್ದೆಲ್ಲ ವ್ಯರ್ಥ. ಎರಡನೇ ಲೈನ್‌ಗೆ 94ರ ಮಿತಿಯುಳ್ಳ ಪ್ರತ್ಯೇಕ ನೀತಿ ಬರೆದು, ಆಸ್ಪತ್ರೆ ಮತ್ತು ಧ್ವನಿಗೆ ಮಾತ್ರ ಖಾತ್ರಿ ಕೊಟ್ಟು, ಅದು ತಾನಾಗಿ ಜಾರಿಗೆ ಬರುವಂತೆ ಹೊಂದಿಸಿ, ರಜೆಯ ದಿನ ಮುಖ್ಯ ಕೇಬಲ್ ಕಳಚಿ ಪರೀಕ್ಷಿಸಿ ನೋಡಬೇಕು.

ಇಷ್ಟಾದ ಮೇಲೂ ಕೆಲಸದ ವೇಳೆಯ 95ನೇ ಪರ್ಸೆಂಟೈಲ್ ಮೂರು ತಿಂಗಳು ಸತತವಾಗಿ ಲೈನಿನ ಶೇ 80ನ್ನು ದಾಟುತ್ತಿದ್ದರೆ ದೊಡ್ಡ ಲೈನಿಗೆ ಟೆಂಡರ್ ಕರೆಯಿರಿ. ಆಗ ದರದ ಜೊತೆಗೆ ಎರಡೂ ದಿಕ್ಕಿಗೆ ಸಮವೇಗ, ದುರಸ್ತಿಯ ಗಡುವು ಮತ್ತು ಎರಡನೇ ಲೈನಿನ ಕೇಬಲ್ ಬೇರೆ ರಸ್ತೆಯಿಂದ ಆವರಣದೊಳಗೆ ಬರುತ್ತದೆ ಎಂಬುದರ ನಕ್ಷೆ, ಈ ಮೂರನ್ನೂ ಲಿಖಿತವಾಗಿ ಕೇಳಿ.