ಎಂಬಾಸಿಂಗ್ ಪುಡಿ ಬೇಡದ ಕಡೆ ಅಂಟದಿರಲು

ಸ್ಟಾಂಪ್ ಒತ್ತಿದ ಹಸಿ ಇಂಕಿನ ಮೇಲೆ ಉದುರಿಸಿ ಕಾಯಿಸಿದರೆ ಕರಗಿ ಉಬ್ಬಿ ನಿಲ್ಲುವುದೇ ಎಂಬಾಸಿಂಗ್ ಪುಡಿ. ಇದನ್ನು ಬಳಸಿ ಕೈಯಲ್ಲೇ ಗ್ರೀಟಿಂಗ್ ಕಾರ್ಡ್ ಮಾಡುವವರಿಗೆ ಒಂದು ಸಲಹೆ: ಸ್ಟಾಂಪ್ ಒತ್ತುವ ಮೊದಲು ಕಾರ್ಡಿನ ಮೇಲೆಲ್ಲ ಒಂಚೂರು ಟಾಲ್ಕಂ ಪೌಡರ್ ಸವರಿ. ಹಳೆಯ ಕಾಲುಚೀಲದ ತುದಿಗೆ ಎರಡು ಚಮಚ ಪೌಡರ್ ತುಂಬಿ ಗಂಟು ಹಾಕಿಕೊಂಡರೆ ಅದನ್ನೇ ಮೆಲ್ಲಗೆ ಆಡಿಸಬಹುದು. ಇದಕ್ಕೆಂದೇ ಮಾರುವ ಆಂಟಿ-ಸ್ಟ್ಯಾಟಿಕ್ ಚೀಲ ಬೇಕೇ ಬೇಕು ಅಂತೇನಿಲ್ಲ. ಕಾಗದದ ತೇವ, ಬೆರಳಿನ ಜಿಡ್ಡು, ಸ್ಥಿರ ವಿದ್ಯುತ್ತು, ಇವೆಲ್ಲ ಎಂಬಾಸಿಂಗ್ ಪುಡಿಯನ್ನು ಇಂಕ್ ಇಲ್ಲದ ಜಾಗಕ್ಕೂ ಅಂಟಿಸಿಬಿಡುತ್ತವೆ. ಬಿಸಿ ಗಾಳಿ ಊದುವ ಹೀಟ್ ಗನ್ ಹಿಡಿದಾಗ ಆ ಕಣಗಳೂ ಕರಗಿ ಕಾಗದಕ್ಕೆ ಕಚ್ಚಿಕೊಂಡರೆ ಮತ್ತೆ ತೆಗೆಯುವುದು ಬಹಳ ಕಷ್ಟ. ಪೌಡರ್ ಸವರಿದ್ದರೆ ಕಾರ್ಡಿನ ಹಿಂಬದಿಗೆ ಬೆರಳಿನಿಂದ ಒಮ್ಮೆ ತಟ್ಟಿದ ಕೂಡಲೇ ಹೆಚ್ಚಿನ ಪುಡಿ ಉದುರಿಹೋಗುತ್ತದೆ, ಸಣ್ಣ ಅಕ್ಷರಗಳ ಅಂಚೂ ಚೊಕ್ಕವಾಗಿ ಬರುತ್ತದೆ. ಕಪ್ಪು ಕಾರ್ಡಿನ ಮೇಲೆ ಬಿಳಿ ಪುಡಿ ಬಳಸುವಾಗಂತೂ ಇದನ್ನು ತಪ್ಪಿಸಲೇಬೇಡಿ, ಅಲ್ಲಿ ಒಂದೊಂದು ಕಣವೂ ಕಣ್ಣಿಗೆ ಹೊಡೆಯುತ್ತದೆ. ಉಳಿದ ಪೌಡರಿನ ಮಸುಕನ್ನು ಎಂಬಾಸಿಂಗ್ ತಣಿದ ಮೇಲೆ ಒಣ ಬಟ್ಟೆಯಿಂದ ಒರೆಸಿದರಾಯಿತು. ಪೌಡರ್ ಅತಿಯಾದರೆ ಮಾತ್ರ ಇಂಕ್ ಸರಿಯಾಗಿ ಹಿಡಿಯದೆ ಚಿತ್ರ ಅಲ್ಲಲ್ಲಿ ಮುಕ್ಕಾಗುತ್ತದೆ. ಬಣ್ಣ ಬಳಿದ ಹಿನ್ನೆಲೆ ಇನ್ನೂ ಒದ್ದೆಯಿದ್ದರೆ ಈ ಉಪಾಯ ನಡೆಯುವುದೇ ಇಲ್ಲ, ಪೌಡರೇ ಮೆತ್ತಿಕೊಳ್ಳುತ್ತದೆ. ಮೊದಲು ಪೂರ್ತಿ ಒಣಗಿಸಿ, ಬಿಸಿ ಆರಲು ಬಿಡಿ. ಇನ್ನು ಪುಡಿ ಹಿಡಿಯಬೇಕಾದ ಜಾಗದಲ್ಲೇ ಹಿಡಿಯುತ್ತಿಲ್ಲವೆಂದರೆ ಇಂಕ್ ಬದಲಿಸಿ ನೋಡಿ: ಡೈ ಇಂಕ್ ಬೇಗ ಒಣಗಿಬಿಡುತ್ತದೆ, ನಿಧಾನವಾಗಿ ಒಣಗುವ ಪಿಗ್ಮೆಂಟ್ ಇಂಕ್ ಅಥವಾ ಎಂಬಾಸಿಂಗ್ ಇಂಕ್ ಬೇಕು.