‘ಅನ್‌ಮ್ಯಾನೇಜ್ಡ್’ ಎಂದ ವೈಫೈ: ಒಂದು ಡೆಬಿಯನ್ ಲ್ಯಾಪ್‌ಟಾಪ್ ಸರಿಮಾಡಿದ ನನ್ನ ಅನುಭವ

ಲಿನಕ್ಸ್‌ನಲ್ಲಿ ವೈಫೈ ಕೈಕೊಟ್ಟಾಗ ನಾನು ಮೂಲೆಯ ಐಕಾನ್ ಒತ್ತುತ್ತಾ ಕೂರುವುದಿಲ್ಲ. ಟರ್ಮಿನಲ್ ತೆಗೆದು ‘ಎನ್‌ಎಂಸಿಎಲ್‌ಐ ಡಿವೈಸ್’ ಎಂದು ಕೊಡುತ್ತೇನೆ. ಯಾವ ಸಾಧನ ಯಾವ ಸ್ಥಿತಿಯಲ್ಲಿದೆ ಅನ್ನುವುದನ್ನು, ಸಂಪರ್ಕಗಳನ್ನು ನೋಡಿಕೊಳ್ಳುವ ತಂತ್ರಾಂಶವಾದ ನೆಟ್‌ವರ್ಕ್‌ಮ್ಯಾನೇಜರ್ ಒಂದೊಂದು ಸಾಲಿನಲ್ಲಿ ಹೇಳಿಬಿಡುತ್ತದೆ. ವೈಫೈ ಕಾರ್ಡು ಪಟ್ಟಿಯಲ್ಲೇ ಇಲ್ಲವೆಂದರೆ ಡ್ರೈವರ್ ಅಥವಾ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ತಂತ್ರಾಂಶ) ಇಲ್ಲ ಎಂದು ತಿಳಿಯಬೇಕು. ‘ಅನ್‌ಅವೈಲಬಲ್’ ಎಂದಿದ್ದರೆ ಮೊದಲು ‘ಆರ್‌ಎಫ್‌ಕಿಲ್ ಲಿಸ್ಟ್’ ಕೊಟ್ಟು ವೈಫೈ ರೇಡಿಯೋ ಆಫ್ ಆಗಿದೆಯೇ ನೋಡಿ. ಎಷ್ಟೋ ಸಲ ಕೀಬೋರ್ಡಿನ ಏರೋಪ್ಲೇನ್ ಕೀ ಯಾರೋ ಒತ್ತಿರುತ್ತಾರೆ. ‘ಡಿಸ್‌ಕನೆಕ್ಟೆಡ್’ ಆದರೆ ಕಾರ್ಡು, ಡ್ರೈವರ್ ಎರಡೂ ಸರಿಯಿವೆ, ಇನ್ನೂ ಯಾವ ನೆಟ್‌ವರ್ಕಿಗೂ ಸೇರಿಲ್ಲ ಅಷ್ಟೆ. ಉಳಿದದ್ದು ‘ಅನ್‌ಮ್ಯಾನೇಜ್ಡ್’. ಜನ ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ.

ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅವನ ಹಳೇ ಲ್ಯಾಪ್‌ಟಾಪಿಗೆ ರೂಮ್‌ಮೇಟ್ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12 ಹಾಕಿಕೊಟ್ಟಿದ್ದ. ರಜೆಗೆ ಬಂದವನು, “ಮಾಮಾ, ರೂಮಲ್ಲಿ ಚೆನ್ನಾಗೇ ನಡೀತಿತ್ತು, ಇಲ್ಲಿ ನಿಮ್ಮ ವೈಫೈ ಹೆಸರೇ ತೋರಿಸ್ತಿಲ್ಲ” ಅಂದ. ಐಕಾನ್ ಒತ್ತಿದರೆ ‘ಡಿವೈಸ್ ನಾಟ್ ಮ್ಯಾನೇಜ್ಡ್’. ಅಷ್ಟರಲ್ಲಾಗಲೇ ಅವನು ಎಲ್ಲೋ ಓದಿ, ನೆಟ್‌ವರ್ಕ್‌ಮ್ಯಾನೇಜರ್ ತೆಗೆದು ಅದೇ ಕೆಲಸ ಮಾಡುವ ವಿಕ್ಡ್ ಹಾಕಿಕೊಳ್ಳೋಣ ಎಂದು ಹೊರಟಿದ್ದ. ಆ ಸಲಹೆ ಒಂದು ಕಾಲಕ್ಕೆ ಸರಿಯಿತ್ತು. 2004ರಲ್ಲಿ ರೆಡ್ ಹ್ಯಾಟ್‌ನವರು ನೆಟ್‌ವರ್ಕ್‌ಮ್ಯಾನೇಜರ್ ಶುರುಮಾಡಿದ ಮೇಲೆ ಮೊದಲ ಕೆಲವು ವರ್ಷ ಅದು ಬಹಳ ಸತಾಯಿಸಿತು, ಹಗುರವಾದ ವಿಕ್ಡ್ ನಮ್ಮಂಥವರಿಗೆ ಆಸರೆಯಾಗಿತ್ತು. ಆದರೆ ವಿಕ್ಡ್ ಪೈಥಾನ್ 2ರಲ್ಲೇ ಉಳಿದುಹೋಯಿತು. 2021ರ ಡೆಬಿಯನ್ 11ರಿಂದ ಆಚೆಗೆ ಅದು ಡೆಬಿಯನ್‌ನ ಪ್ಯಾಕೇಜು ಭಂಡಾರದಲ್ಲೇ ಇಲ್ಲ. ಹಳೇ ಪರಿಹಾರ ಓದುವಾಗ ಅದನ್ನು ಬರೆದ ವರ್ಷ ನೋಡುವುದು ಒಳ್ಳೆಯದು.

“ರೂಮಲ್ಲಿ ನಡೀತಿತ್ತು” ಅನ್ನುವ ಮಾತಿನಲ್ಲೇ ನನಗೆ ಸುಳಿವು ಸಿಕ್ಕಿತು. ‘ಅನ್‌ಮ್ಯಾನೇಜ್ಡ್’ ಅಂದರೆ ಕಾರ್ಡು ಕೆಟ್ಟಿದೆ ಎಂದಲ್ಲ. ಆ ಕಾರ್ಡನ್ನು ಬೇರೆ ಯಾರೋ ನೋಡಿಕೊಳ್ಳುತ್ತಿದ್ದಾರೆ, ನಾನು ಮುಟ್ಟುವುದಿಲ್ಲ ಎಂದು ನೆಟ್‌ವರ್ಕ್‌ಮ್ಯಾನೇಜರ್ ದೂರ ನಿಂತಿದೆ ಎಂದು. ಇನ್ನೊಬ್ಬರು ಬೇಲಿ ಹಾಕಿದ ಜಾಗಕ್ಕೆ ಅದು ಕಾಲಿಡುವುದಿಲ್ಲ. ಡೆಬಿಯನ್‌ನಲ್ಲಿ ಆ ಬೇಲಿ ಇರುವ ಫೈಲು ‘/ಇಟಿಸಿ/ನೆಟ್‌ವರ್ಕ್/ಇಂಟರ್‌ಫೇಸಸ್’. ರೂಮ್‌ಮೇಟ್ ಡೆಸ್ಕ್‌ಟಾಪ್ ಇಲ್ಲದೆ ಬರೀ ಮೂಲ ವ್ಯವಸ್ಥೆಯನ್ನು ವೈಫೈ ಮೇಲೆ ಇನ್‌ಸ್ಟಾಲ್ ಮಾಡಿ, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಮತ್ತು ನೆಟ್‌ವರ್ಕ್‌ಮ್ಯಾನೇಜರ್ ಅನ್ನು ಆಮೇಲೆ ಸೇರಿಸಿದ್ದನಂತೆ. ಹಾಗೆ ಮಾಡಿದಾಗ ಇನ್‌ಸ್ಟಾಲರ್ ವೈಫೈ ವಿವರವನ್ನು ಆ ಫೈಲಿನಲ್ಲೇ ಬರೆದಿಡುತ್ತದೆ. ತೆರೆದು ನೋಡಿದರೆ ‘ಡಬ್ಲ್ಯುಎಲ್‌ಪಿ2ಎಸ್0’ ಎಂಬ ಇಂಟರ್‌ಫೇಸಿನ ಕೆಳಗೆ ರೂಮಿನ ವೈಫೈ ಹೆಸರು, ಅದರ ಕೆಳಗೆ ಪಾಸ್‌ವರ್ಡು, ಅದೂ ಮರೆಮಾಚದೆ, ಯಾರು ಬೇಕಾದರೂ ಓದುವ ಹಾಗೆ! ಹುಡುಗ ನಾಚಿ ನಕ್ಕ. ಆ ಪಾಸ್‌ವರ್ಡ್ ಇಲ್ಲಿ ಬರೆಯುವಂಥದ್ದಲ್ಲ.

ರೂಮಿನಲ್ಲಿ ನಡೆಯುತ್ತಿದ್ದದ್ದು ಆ ಸಾಲುಗಳ ಬಲದಿಂದಲೇ, ನೆಟ್‌ವರ್ಕ್‌ಮ್ಯಾನೇಜರ್‌ನಿಂದ ಅಲ್ಲ. ನಮ್ಮ ಮನೆಯಲ್ಲೂ, ಆ ಫೈಲು ಓದಿ ನೆಟ್‌ವರ್ಕ್ ಎಬ್ಬಿಸುವ ಇಫ್‌ಅಪ್‌ಡೌನ್ ಪಾಪ ಹುಬ್ಬಳ್ಳಿಯ ವೈಫೈಯನ್ನೇ ಹುಡುಕುತ್ತಾ ಕೂತಿತ್ತು.

ಇದನ್ನು ಬಿಡಿಸುವುದರಲ್ಲಿ ಕ್ರಮ ಮುಖ್ಯ. ಮೊದಲು ‘ಸುಡೋ ಇಫ್‌ಡೌನ್ ಡಬ್ಲ್ಯುಎಲ್‌ಪಿ2ಎಸ್0’ ಎಂದು ಕೊಟ್ಟು ಹಳೇ ಹಿಡಿತ ಬಿಡಿಸಬೇಕು, ಆಮೇಲೆ ಫೈಲಿನ ಆ ಸಾಲುಗಳ ಮುಂದೆ ಹ್ಯಾಶ್ (#) ಚಿಹ್ನೆ ಹಾಕಿ ಅವು ಲೆಕ್ಕಕ್ಕೆ ಬಾರದಂತೆ ಮಾಡಬೇಕು. ಹ್ಯಾಶ್ ಹಾಕಿದ ಮೇಲೆ ಇಫ್‌ಡೌನ್ ಕೊಟ್ಟರೆ ‘ಅಂಥ ಇಂಟರ್‌ಫೇಸ್ ನನಗೆ ಗೊತ್ತಿಲ್ಲ’ ಅನ್ನುತ್ತದೆ. ಅದು ಹಿಂದೆ ಎಬ್ಬಿಸಿದ್ದ, ವೈಫೈ ಪಾಸ್‌ವರ್ಡಿನ ವ್ಯವಹಾರ ನೋಡಿಕೊಳ್ಳುವ ಡಬ್ಲ್ಯುಪಿಎ ಸಪ್ಲಿಕೆಂಟ್ ಮಾತ್ರ ಒಳಗೆ ಓಡುತ್ತಲೇ ಇದ್ದು ಹೊಸದಕ್ಕೆ ಅಡ್ಡ ಬರುತ್ತದೆ. ‘ಲೋ’ ಎಂಬ ಲೂಪ್‌ಬ್ಯಾಕ್ (ಯಂತ್ರ ತನ್ನೊಂದಿಗೆ ತಾನೇ ಮಾತಾಡುವ ದಾರಿ) ಸಾಲುಗಳನ್ನು ಮುಟ್ಟಬೇಡಿ. ಕೊನೆಗೆ ‘ಸುಡೋ ಸಿಸ್ಟಂಸಿಟಿಎಲ್ ರೀಸ್ಟಾರ್ಟ್ ನೆಟ್‌ವರ್ಕ್‌ಮ್ಯಾನೇಜರ್’. ನೆಟ್‌ವರ್ಕ್‌ಮ್ಯಾನೇಜರ್ ಕಾನ್ಫಿಗ್‌ನಲ್ಲಿ ‘ಮ್ಯಾನೇಜ್ಡ್’ ಎಂಬುದನ್ನು ‘ಟ್ರೂ’ ಮಾಡಿದರೂ ಕೆಲಸವಾಗುತ್ತದೆ ಎಂದು ಹಲವರು ಹೇಳುತ್ತಾರೆ. ಆಗುತ್ತದೆ, ಆದರೆ ಒಂದೇ ಕಾರ್ಡಿನ ಲೆಕ್ಕ ಎರಡು ಕಡೆ ಇರುವುದು ನನಗಿಷ್ಟವಿಲ್ಲ.

ಮನೆಯ ವೈಫೈ ಹೆಸರು ಬಂತು. ಪಾಸ್‌ವರ್ಡ್ ಕೊಟ್ಟರೆ ಸ್ವಲ್ಪ ಹೊತ್ತು ಸುತ್ತಿ ಮತ್ತೆ ಪಾಸ್‌ವರ್ಡ್ ಕೇಳಿತು. ಮತ್ತೆ ಕೊಟ್ಟರೆ ಮತ್ತೆ ಅದೇ. ಇಂಥ ಕಡೆ ಪಾಸ್‌ವರ್ಡ್ ತಪ್ಪಿದೆ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಇನ್ನೊಂದು ಟರ್ಮಿನಲ್‌ನಲ್ಲಿ ‘ಜರ್ನಲ್‌ಸಿಟಿಎಲ್ -ಎಫ್ -ಯು ನೆಟ್‌ವರ್ಕ್‌ಮ್ಯಾನೇಜರ್’ ಓಡಿಸಿ ಅದರ ದಾಖಲೆ ನೋಡಿದೆ. ‘ಡಿಸ್‌ಕನೆಕ್ಟೆಡ್ ಡ್ಯೂರಿಂಗ್ ಅಸೋಸಿಯೇಷನ್, ಆಸ್ಕಿಂಗ್ ಫಾರ್ ನ್ಯೂ ಕೀ’ ಎಂದು ಬಂತು. ರೌಟರ್ ಜೊತೆ ಮಾತು ನಡುವೆಯೇ ಕಡಿದುಹೋಗಿದೆ. ಯಾಕೆ ಕಡಿಯಿತು ಎಂದು ನೆಟ್‌ವರ್ಕ್‌ಮ್ಯಾನೇಜರ್‌ಗೆ ತಿಳಿಯುವುದಿಲ್ಲ, ಬಹುಶಃ ಕೀ ಸರಿಯಿಲ್ಲವೇನೋ ಎಂದು ಕೇಳುತ್ತಿದೆ. ಸಿಗ್ನಲ್ ದುರ್ಬಲವಾಗಿದ್ದರೂ ಇದೇ ಸಂದೇಶ ಬರುತ್ತದೆ.

‘ಎನ್‌ಎಂಸಿಎಲ್‌ಐ ಡಿವೈಸ್ ವೈಫೈ ಲಿಸ್ಟ್’ ಕೊಟ್ಟೆ. ರೌಟರ್ ಇದೇ ಕೋಣೆಯ ಗೋಡೆ ಮೇಲಿದೆ, ಸಿಗ್ನಲ್ ನೂರಕ್ಕೆ ಇಪ್ಪತ್ತರ ಆಸುಪಾಸು. ಪಕ್ಕದಲ್ಲಿಟ್ಟ ಫೋನಿನಲ್ಲಿ ಪೂರ್ತಿ ಕಡ್ಡಿ. ‘ಎಲ್‌ಎಸ್‌ಪಿಸಿಐ -ಕೆ’ ನೋಡಿದಾಗ ಡ್ರೈವರ್ ‘ಆರ್‌ಟಿಎಲ್8723ಬಿಇ’ ಎಂದಿತು. ಸರಿ, ಇದು ಹಳೇ ಪರಿಚಯ. ಈ ಕಾರ್ಡಿಗೆ ಎರಡು ಆಂಟೆನಾ ಜಾಗವಿದ್ದು, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದಕ್ಕೆ ಮಾತ್ರ ತಂತಿ ಸಿಕ್ಕಿಸಿರುತ್ತಾರೆ. ಡ್ರೈವರ್ ಇನ್ನೊಂದನ್ನು ಹಿಡಿದು ಕೂತರೆ ಆಂಟೆನಾ ಇಲ್ಲದೆ ಕೇಳಿಸಿಕೊಂಡ ಹಾಗಾಗುತ್ತದೆ. ‘ಸುಡೋ ಮಾಡ್‌ಪ್ರೋಬ್ -ಆರ್ ಆರ್‌ಟಿಎಲ್8723ಬಿಇ’ ಎಂದು ಡ್ರೈವರ್ ಇಳಿಸಿ, ‘ಸುಡೋ ಮಾಡ್‌ಪ್ರೋಬ್ ಆರ್‌ಟಿಎಲ್8723ಬಿಇ ಆಂಟ್_ಸೆಲ್=2’ ಎಂದು ಮತ್ತೆ ಏರಿಸಿದೆ. ಕೆಲವು ಯಂತ್ರಕ್ಕೆ 2, ಕೆಲವಕ್ಕೆ 1. ಹಾಕಿ ನೋಡಿಯೇ ತಿಳಿಯಬೇಕು. ಸಿಗ್ನಲ್ ಅಂಕಿ ಒಮ್ಮೆಲೇ ಎದ್ದು ನಿಂತಿತು, ಅದೇ ಪಾಸ್‌ವರ್ಡಿಗೆ ಕನೆಕ್ಟೂ ಆಯಿತು. ಹೀಗೆ ತಾತ್ಕಾಲಿಕವಾಗಿ ಪರೀಕ್ಷಿಸಿ ಫಲ ಕಂಡ ಮೇಲಷ್ಟೇ ‘/ಇಟಿಸಿ/ಮಾಡ್‌ಪ್ರೋಬ್.ಡಿ’ ಒಳಗೆ ಕಾನ್ಫ್ ಫೈಲು ಮಾಡಿ ‘ಆಪ್ಷನ್ಸ್ ಆರ್‌ಟಿಎಲ್8723ಬಿಇ ಆಂಟ್_ಸೆಲ್=2’ ಎಂದು ಬರೆಯಬೇಕು. ಇಲ್ಲವಾದರೆ ಮುಂದಿನ ಬೂಟಿಗೆ ಮೊದಲಿನ ಸ್ಥಿತಿ.

ಬಿಟ್ಟು ಬಿಟ್ಟು ಕಡಿಯುವ ಕಾಯಿಲೆ ಇದ್ದರೆ ಪವರ್ ಸೇವಿಂಗ್ ಆಫ್ ಮಾಡಿ ನೋಡಬಹುದು: ನೆಟ್‌ವರ್ಕ್‌ಮ್ಯಾನೇಜರ್‌ನ ಕಾನ್ಫ್.ಡಿ ಫೋಲ್ಡರಿನಲ್ಲಿ ‘ಕನೆಕ್ಷನ್’ ವಿಭಾಗದ ಕೆಳಗೆ ‘ವೈಫೈ.ಪವರ್‌ಸೇವ್=2’. ಇಲ್ಲಿ 2 ಎಂದರೆ ಆಫ್, 3 ಎಂದರೆ ಆನ್. ಯಾರು ಹೀಗೆ ಅಂಕಿ ಕೊಟ್ಟರೋ, ನಾನಂತೂ ಪ್ರತಿ ಸಲ ಮ್ಯಾನ್ ಪೇಜ್ (ಕೈಪಿಡಿ) ನೋಡಿಯೇ ಬರೆಯುತ್ತೇನೆ. ಇವನ ಯಂತ್ರಕ್ಕೆ ಅದು ಬೇಕಾಗಲಿಲ್ಲ.

ಈ ನಡುವೆ ಪ್ಯಾಕೇಜು ಇಳಿಸಲು ಇಂಟರ್ನೆಟ್ ಬೇಕಾದರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಹಚ್ಚಿ. ಲಿನಕ್ಸ್ ಅದನ್ನು ತಂತಿ ನೆಟ್‌ವರ್ಕ್ ಎಂದೇ ನೋಡುತ್ತದೆ, ವೈಫೈ ಡ್ರೈವರ್‌ನ ಹಂಗಿಲ್ಲ.

ಹುಡುಗನ ಕೊನೆಯ ತಕರಾರು, ರೌಟರ್‌ನ 5ಜಿ ಎಂಬ ಹೆಸರು ಪಟ್ಟಿಯಲ್ಲಿ ಬರುತ್ತಿಲ್ಲ ಅಂತ. ಅದಕ್ಕೆ ಮದ್ದಿಲ್ಲ. ಆ ಕಾರ್ಡು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ, 5 ಗಿಗಾಹರ್ಟ್ಸ್ ಅದಕ್ಕೆ ಕೇಳಿಸುವುದೇ ಇಲ್ಲ. ಬೇಕೇ ಬೇಕು ಎಂದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಡ್ರೈವರ್ ಇರುವ ಚಿಪ್ ನೋಡಿ ಯುಎಸ್‌ಬಿ ಅಡಾಪ್ಟರ್ ತೆಗೆದುಕೋ, ಬಾಕ್ಸ್ ಮೇಲೆ ‘ಲಿನಕ್ಸ್ ಸಪೋರ್ಟ್’ ಅಂತ ಬರೆದದ್ದನ್ನು ನಂಬಬೇಡ ಎಂದೆ. ಎಂಟಿ7612ಯು ಚಿಪ್ ಇರುವುದನ್ನು ಹುಡುಕುತ್ತಿದ್ದಾನೆ. ಡೆಬಿಯನ್ 12ರ 6.1 ಕರ್ನಲ್‌ನಲ್ಲಿ ಅದರ ಡ್ರೈವರ್ ಆಗಲೇ ಇದೆ.