ಚಂಡಮಾರುತದ ಮಳೆ ನಿಂತ ಮೇಲೆ ಮಾಡಬೇಕಾದ ಕೆಲಸಗಳು

ಬಂಗಾಳ ಕೊಲ್ಲಿಯ ಚಂಡಮಾರುತದ ಮಳೆ ರಾಯಚೂರು, ಕೊಪ್ಪಳ ಸೀಮೆಗೆ ಬರುವುದು ಹೆಚ್ಚಾಗಿ ಭತ್ತ ಕೊಯ್ಯುವ ಹೊತ್ತಿಗೆ. ಮನೆಯೊಳಗೆ ನೀರು ಹೊಕ್ಕಿದ್ದರೆ ಕೆಸರು ತೆಗೆಯುವ ಮೊದಲೇ, ಗೋಡೆಯ ಮೇಲೆ ನೀರು ನಿಂತ ಗೆರೆ, ಕುಸಿದ ಮೂಲೆ, ಮೊಳಕೆಯೊಡೆದ ಜೋಳದ ಚೀಲ ಸ್ಪಷ್ಟವಾಗಿ ಕಾಣುವಂತೆ ಫೋಟೊ ತೆಗೆದಿಟ್ಟುಕೊಂಡು, ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ ಪಂಚನಾಮೆ ಮಾಡಿಸಿ. ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆಯದೆ ಹಿಂದಿರುಗಬೇಡಿ.

ಬೆಳೆ ವಿಮೆ ಇದ್ದವರು, ಕೊಯ್ದು ಗದ್ದೆಯಲ್ಲಿ ಒಣಗಲು ಹರಡಿದ ಬೆಳೆ ಕೊಯ್ಲಾದ 14 ದಿನಗಳೊಳಗೆ ತೊಯ್ದು ಹಾಳಾದರೆ, 72 ಗಂಟೆಯೊಳಗೆ ಬೆಳೆ ವಿಮೆ ಸಹಾಯವಾಣಿ 14447ಕ್ಕೆ ಕರೆ ಮಾಡಿ ದೂರು ದಾಖಲಿಸಬೇಕು. ಈ ಗಡುವು ಮೀರಿದ ಕಾರಣಕ್ಕೇ ಎಷ್ಟೋ ರೈತರ ಕೈಗೆ ಹಣ ಬರುವುದಿಲ್ಲ. ಸರ್ಕಾರದ ಬೆಳೆ ಪರಿಹಾರ ಇದರಿಂದ ಬೇರೆಯದು. 2022-23ರಿಂದ 2025-26ರವರೆಗಿನ ಕೇಂದ್ರದ ಮಾನದಂಡದಲ್ಲಿ, ಶೇ 33 ಅಥವಾ ಹೆಚ್ಚು ಹಾನಿಯಾದರೆ, ಗರಿಷ್ಠ 2 ಹೆಕ್ಟೇರ್‌ಗೆ, ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ ರೂ. 8,500, ನೀರಾವರಿಗೆ ರೂ. 17,000 ನಿಗದಿಯಾಗಿತ್ತು. ಹಣ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುವುದರಿಂದ, ಲೀಜಿಗೆ ಭೂಮಿ ಮಾಡಿದವರು ಭೂಮಾಲೀಕರೊಡನೆ ಊರ ಹಿರಿಯರ ಎದುರು ಮೊದಲೇ ಮಾತಾಡಿಕೊಳ್ಳಬೇಕು; ಬೆವರು ಸುರಿಸಿದವರಿಗೆ ಆ ಹಣ ಸೇರುವುದೇ ನ್ಯಾಯ.

ನೆರವು ಕೊಡುವವರು ಹಳೆಯ ಬಟ್ಟೆಯ ಗಂಟುಗಳನ್ನು ದಯವಿಟ್ಟು ಕಳಿಸಬೇಡಿ. ಸಂತ್ರಸ್ತರು ತಂಗುವ ಕಾಳಜಿ ಕೇಂದ್ರಕ್ಕೆ ಮೊದಲು ಕರೆ ಮಾಡಿ ಕೇಳಿ: ಅಲ್ಲಿ ಬೇಕಾಗುವುದು ತಾಡಪತ್ರಿ, ಕುಡಿಯುವ ನೀರು, ಸ್ಯಾನಿಟರಿ ಪ್ಯಾಡ್, ದನಗಳಿಗೆ ಮೇವು. ಜಿಲ್ಲಾ ತುರ್ತು ಸಹಾಯವಾಣಿ 1077.